ಎರಡು ಬೆರಳು ಗಿಡ್ಡ

ಬೆಟಗೇರಿಯಲ್ಲಿ ಮಗ್ಗದ ಓಣಿ ಮುಗಿಯುವಲ್ಲಿ ತಗಡಿನ ಶೆಡ್ಡು,
ಒಳಗೆ ದಾವಲಸಾಬ.
ಎಡಗಿವಿ ಪೂರಾ ಕಿವುಡು, ಬಲಗಿವಿ ಅರ್ಧ.
ಗಾಡಿ ಚಾಲೂ ಮಾಡಿಸಿ ಸೈಲೆನ್ಸರಿನ ಬಾಯಿಗೆ
ಅಂಗೈ ಒಡ್ಡಿ ಕೂಡುತ್ತಿದ್ದ,
ಬಿಸಿ ರೊಟ್ಟಿ ಈಸಿಕೊಳ್ಳುವವನ ಹಾಗೆ.

"ಫೋರ್ ಸ್ಟ್ರೋಕಿಗೆ ಬಾಗಲಾ ಅದಾವ, ವಾಲ್ವು.
ಹೊತ್ತಿಗೆ ತೆರೀತಾವ, ಹೊತ್ತಿಗೆ ಮುಚ್ಚತಾವ.
ಪೈಪಿಗೇನು, ಹೊಗಿಗೆ ಹಾದಿ ತೋರಸೂದು,
ಸಪ್ಪಳ ಸಣ್ಣ ಮಾಡೂದು.
ಉದ್ದ ಹೆಚ್ಚುಕಮ್ಮಿ ಆದ್ರ ಒಂಚೂರು ಮುನಿಸು, ಅಷ್ಟ.

"ಟೂ ಸ್ಟ್ರೋಕಿಗೆ ಬರೇ ಕಿಂಡಿ.
ಸುಟ್ಟದ್ದು ಹೊಂಟ್ರ ಹಸೀ ಪೆಟ್ರೋಲೂ ಬೆನ್ನ ಹತ್ತಿ ಹೊಂಡತೈತಿ.
ಅದಕ್ಕ ಪೈಪಿಗೆ ಹೊಟ್ಟಿ.
ಅಗಲ ಆಗೂಮುಂದ ಜಗ್ಗತೈತಿ,
ಸಣ್ಣ ಆಗೂಮುಂದ ಹೊಳ್ಳಿ ದಬ್ಬತೈತಿ.
ಬಾವ್ಯಾಗ ಕೂಗಿದ್ರ ದನಿ ತಿರುಗಿ ಬರತೈತಲ್ಲ,
ಆ ದನಿನ ಇದಕ್ಕ ಬಾಗಲಾ."

ನಾನು ಮಗ್ಗ ಬಿಟ್ಟು ವೆಲ್ಡಿಂಗ್ ಹಿಡಿದವಳು.
ಮೊದಲ ಪೈಪು, ಹಾಲಿನ ಕಲ್ಲನಗೌಡನ ಆರೆಕ್ಸಿಗೆ.
ತಗಡು ಕತ್ತರಿಸಿ, ಕಡ್ಲಿ ಪೊಟ್ಟಣದ ಹಾಗೆ ಸುತ್ತಿ, ಬೆಸೆದು
ನೋಡಿದರೆ
ಎರಡು ಬೆರಳು ಗಿಡ್ಡ.
ಯಾರಿಗೆ ತಿಳಿಯುತ್ತದೆ? ಕರಿ ಬಣ್ಣ ಹೊಡೆದೆ.

ಮೂರನೇ ದಿನ ಗೌಡ ಬಂದ.
"ಖಾಲಿ ಕ್ಯಾನಿದ್ರ ಹುಲಕೋಟಿ ಹಾದ್ಯಾಗ ಹಕ್ಕಿ ಹಂಗ ಹೊಕ್ಕೈತಿ,
ತುಂಬಿದ ಕ್ಯಾನ್ ಹೇರಿದ್ರ ಏರಿನ್ಯಾಗ ಮಕ್ಕೊಂತೈತಿ ಯವ್ವಾ!"

ದಾವಲಸಾಬ ಅಂಗೈ ಒಡ್ಡಿದ.
ಎಣ್ಣೆ ಸಿಡಿದು ಚುಕ್ಕಿ ಚುಕ್ಕಿ ಕಪ್ಪಾಯಿತು.
ನನ್ನ ಕಡೆ ನೋಡಲಿಲ್ಲ.
"ದನಿ ಲಗೂ ಬಂದೈತಿ," ಎಂದ.
"ಹಸೀದು ಇನ್ನೂ ಹೊಸ್ತಿಲಾ ದಾಟಿಲ್ಲ,
ಒಳಗ ದಬ್ಬಾಕ ಇದು ಬಂದ ನಿಂತೈತಿ.
ಜೋರ್ ಓಡಿದಾಗಷ್ಟ ಜೋಡಿ ಕೂಡತೈತಿ.
ಹಾಲಿನವಗ ಆ ಓಟ ಯಾಕ ಬೇಕು?"

ಹೋಗುವ ಲಾಳಿಯನ್ನು ನಮ್ಮವ್ವ ನೋಡುತ್ತಿರಲಿಲ್ಲ,
ಹೊಳ್ಳಿ ಬರುವುದನ್ನಷ್ಟೇ.
ಹೊಟ್ಟೆ ಸೀಳಿ ಎರಡು ಬೆರಳು ಪಟ್ಟಿ ಕೂಡಿಸಿದೆ.
ಬೆಸುಗೆ ಬಲು ಒರಟು. ಬಣ್ಣ ಹಚ್ಚಲಿಲ್ಲ.

ಈಗ ಬರುವ ಗಾಡಿಗಳೆಲ್ಲ ಬಾಗಿಲಿದ್ದವು.
"ಒಳಗಿಂದು ಕಿತ್ತ ಒಗೀರಿ ಅಕ್ಕಾ, ಸೌಂಡ್ ಬರಲಿ,"
ಎನ್ನುತ್ತವೆ ಹುಡುಗರು.
ಸೌಂಡ್ ಬರುತ್ತದೆ. ಮತ್ತೇನೂ ಬರುವುದಿಲ್ಲ, ಅಂದರೆ
ನಗುತ್ತಾರೆ.

ಗೌಡನ ಆರೆಕ್ಸು ವರ್ಷಕ್ಕೊಮ್ಮೆ ಬರುತ್ತದೆ,
ಹೊಟ್ಟೆಯಲ್ಲಿ ಗಟ್ಟಿಯಾದ ಮಸಿ ಸುಡಿಸಿಕೊಳ್ಳಲು.
ಕಿವಿ ಚಲೋ ಇದ್ದರೂ ಅಂಗೈ ಒಡ್ಡುತ್ತೇನೆ.
ಆ ಚುಕ್ಕಿ ಸಾಬೂನಿಗೆ ಬಗ್ಗುವುದಿಲ್ಲ,
ಮಧ್ಯಾಹ್ನದ ರೊಟ್ಟಿಗೆ
ಹತ್ತುತ್ತದೆ.