ಲಾಟು

ಹೆಸರು ಲಾಟು. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ
ನಲವತ್ತೊಂದನೇ ಲಾಟಿನ ಜಾಲರಿ ಕೆಳಗೆ
ಮುದುರಿಕೊಂಡಿತ್ತು, ಕೊರಳಲ್ಲಿ ತುಂಡು ಸರಪಳಿ.
ತೂಕದ ಚೀಟಿ ಬರೆಯುವವಳು ನಾನು,
ಹರಾಜಿನಲ್ಲಿ ಯಾರೂ ಕೂಗದ್ದನ್ನು ಮನೆಗೆ ತಂದೆ.

ಮೂರನೇ ದಿನ ಗೊತ್ತಾಯಿತು.
ಹಿತ್ತಲಲ್ಲಿ ಕೂತೆದ್ದು, ಸುತ್ತ ನೋಡಿ,
ತಿರುಗಿ ತನ್ನದನ್ನೇ ತಿನ್ನುತ್ತಿತ್ತು
ಗಬಗಬನೆ, ಬಸ್ಸು ಹೊರಡುವ ಹೊತ್ತಿಗೆ
ಇಡ್ಲಿ ನುಂಗುವವರ ಹಾಗೆ.
ನಾನು ಬೋಸಿ ಕೆಳಗಿಟ್ಟು ಗೋಡೆ ಹಿಡಿದು ಕಕ್ಕಿದೆ.
ಅದನ್ನೂ ನೆಕ್ಕಲು ಬಂತು.

ಬೀದಿಗೆ ಬೀದಿಯೇ ಡಾಕ್ಟರಾಯಿತು.
ಅನಾನಸ್ ಹಾಕಿ ಅಂದಳು ಫಿರ್ದೋಸ್.
ಸಿಹಿಕುಂಬಳ ಬೇಯಿಸಿ ಕೊಡಿ ಅಂದರು ಎದುರುಮನೆ ಮೇಷ್ಟ್ರು.
ಅನಾನಸ್ಸಿನ ಬೆಲೆ ಕೇಳಿ ಬರಿಗೈಲಿ ಬಂದೆ.
ಬಿಚ್ಚಾಣಿಕೆ ಶೆಡ್ಡಿನ ಬಚ್ಚಮ್ಮ ಹೇಳಿದಂತೆ
ಗುಂಟೂರು ಖಾರದಪುಡಿ ಉದುರಿಸಿದೆ ಅದರ ಮೇಲೆ.
ಮಸಾಲೆ ಸಮೇತ ತಿಂದು
ರಾತ್ರಿಯಿಡೀ ಬಾನಿ ನೀರು ಕುಡಿಯಿತು ಲಾಟು.

ನಾಯಿ ತಂದು ಸಿಂಹಾಸನದ ಮೇಲೆ ಕೂರಿಸಿದರೆ
ಹೇಲು ಕಂಡಲ್ಲಿ ಹಾರಿತಂತೆ, ಅಂದ ನನ್ನ ತಮ್ಮ.
ಗಾದೆ ಕಟ್ಟಿದವರು
ಹಾರುವ ಮುಂಚೆ ಅದರ ಮುಖ ನೋಡಿರಲಿಲ್ಲವೇನೋ.

ಪಶು ಆಸ್ಪತ್ರೆಯ ಡಾಕ್ಟರಮ್ಮ
ಹಲ್ಲು ನೋಡಿದರು, ಹೊಟ್ಟೆ ಒತ್ತಿದರು,
ಜಂತುಹುಳಕ್ಕೆ ಮಾತ್ರೆ ಬರೆದರು.
ಆಮೇಲೆ ಮೂತಿಯ ಮೇಲಿನ ತರಚು ಕಲೆ ಮುಟ್ಟಿ
ಕೇಳಿದರು: ಮೊದಲು ಸಾಕಿದವರು ಯಾರು?

ಪಿಳ್ಳಾಂಜಿನಪ್ಪ ಅಂತ ವಿಚಾರಿಸಿದ ಮೇಲೆ ತಿಳಿಯಿತು.
ದಿಬ್ಬೂರಹಳ್ಳಿ ರಸ್ತೆ, ಹೊಸ ಟೈಲ್ಸಿನ ಮನೆ.
ಒಳಗೆ ಮಾಡಿದಾಗಲೆಲ್ಲ
ಮೂತಿ ಹಿಡಿದು ಅದರಲ್ಲೇ ಉಜ್ಜಿ, ಪೈಪಿನಿಂದ ಬಾರಿಸಿ
ಬುದ್ಧಿ ಕಲಿಸಿದ್ದನಂತೆ.
ಕಲಿತಿತ್ತು. ಚೆನ್ನಾಗಿಯೇ ಕಲಿತಿತ್ತು:
ಏಟು ಬೀಳುವುದು ಮಾಡಿದ್ದಕ್ಕಲ್ಲ, ಕಂಡಿದ್ದಕ್ಕೆ.

ಆ ರಾತ್ರಿ ನಿದ್ದೆ ಹತ್ತಲಿಲ್ಲ.
ಚಿಂತಾಮಣಿಯ ಹಾಸ್ಟೆಲು, ಆರನೇ ಕ್ಲಾಸು,
ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದವಳು ನಾನು.
ಜಮಖಾನ ಮಡಿಚಿ ಟ್ರಂಕಿನ ತಳಕ್ಕೆ, ಪುಸ್ತಕಗಳ ಅಡಿಗೆ;
ನೆಲಕ್ಕಿಳಿದದ್ದನ್ನು ಲಂಗದಲ್ಲಿ ಒರೆಸಿ
ಅದೇ ಲಂಗ ಉಟ್ಟು ಪ್ರಾರ್ಥನೆಗೆ ನಿಂತದ್ದು.
ವಾಸನೆ ಎಲ್ಲಿಂದ ಅಂತ ವಾರ್ಡನ್ ಕೇಳಿದಾಗ
ಎಲ್ಲರಿಗಿಂತ ಮೊದಲು ಮೂಗು ಮುಚ್ಚಿಕೊಂಡವಳು.

ಈಗ ಬೆಳಗಿನ ಐದಕ್ಕೆ,
ಶೆಡ್ಡುಗಳ ಒಲೆಗೆ ಬೆಂಕಿ ಬೀಳುವ ಮುಂಚೆ,
ಹಿಪ್ಪುನೇರಳೆ ತೋಟದ ಬದುವಿಗೆ ಹೋಗುತ್ತೇವೆ.
ಮೆತ್ತನೆ ಹಗ್ಗ. ಮುಷ್ಟಿಯಲ್ಲಿ ಉಪ್ಪಿಲ್ಲದೆ ಬೇಯಿಸಿದ ಕಡಲೆಬೀಜ.
ಅದು ಕೂರುವಾಗ ಬೆನ್ನು ತಿರುಗಿಸಿ
ನಂದಿಬೆಟ್ಟ ನೋಡುವವಳಂತೆ ನಿಲ್ಲುತ್ತೇನೆ,
ಆ ಕತ್ತಲಲ್ಲಿ ಯಾವ ಬೆಟ್ಟವೂ ಕಾಣದಿದ್ದರೂ.
ಎದ್ದ ಕೂಡಲೇ ಬಾ ಅನ್ನುತ್ತೇನೆ, ಬೈಗುಳ ಬೆರೆಯದ ದನಿಯಲ್ಲಿ.
ಇದು ಸಲೀಸಲ್ಲ,
ಮಾರ್ಕೆಟ್ಟಿನಲ್ಲಿ ಕಿಲೋ ಕೂಗಿ ಕೂಗಿ ಕೆಟ್ಟ ಗಂಟಲು ನನ್ನದು.
ಬಂದರೆ ಕಡಲೆಬೀಜ.
ಬರದೆ ತಿಂದರೆ, ಸುಮ್ಮನೆ ಬಾಯಿ ತೊಳೆಸಿ ಕರೆತರುತ್ತೇನೆ.
ಹನ್ನೊಂದು ದಿನದಲ್ಲಿ ಅದೇ ಗೆದ್ದದ್ದು ಹೆಚ್ಚು.

ನಿನ್ನೆ ಎದ್ದು ನಿಂತಿತು.
ಅದನ್ನು ನೋಡಿತು. ನನ್ನನ್ನು ನೋಡಿತು.
ನಾನು ಪೇಪರು ಬಿಚ್ಚಿ ಬಾಗಿ
ಮೊನ್ನೆಯ ಗೂಡಿನ ಧಾರಣೆಯ ಮೇಲೆ ಎತ್ತಿಕೊಂಡೆ.
ಬೆಚ್ಚಗಿತ್ತು. ನೂರೈವತ್ತು ಗ್ರಾಂ ಇರಬಹುದು,
ನನ್ನ ಕೈಗೆ ತೂಕ ತಪ್ಪುವುದಿಲ್ಲ.
ಲಾಟು ಪೈಪಿಗಾಗಿ ಕಾದಿತು,
ಕಿವಿ ಹಿಂದಕ್ಕೊತ್ತಿ, ಬಹಳ ಹೊತ್ತು.

ಆಮೇಲೆ ಹಿಂಗಾಲಲ್ಲಿ ಮಣ್ಣು ಕೆರೆದು ಕೆರೆದು
ನನ್ನ ಸೀರೆ ತುಂಬ ಎರಚಿ
ಸೊಪ್ಪಿನ ಸಾಲಿನೊಳಕ್ಕೆ ನಡೆಯಿತು, ನನ್ನನ್ನೂ ಎಳೆದುಕೊಂಡು.