ಲೈನಿಂಗ್ ಬೇರೆ, ಮೇಲ್ಬಟ್ಟೆ ಬೇರೆ

ನಿನ್ನೆ ಸಂಜೆ ತಾನಾಗೇ ಗೂಡು ಹತ್ತಿದ ಬೂದಿ ಹ್ಯಾಟೆ
ಬೆಳಿಗ್ಗೆ ಬಾಗಿಲು ತೆಗೆದರೆ ನೆಲದಲ್ಲಿ ಕೂತಿದೆ
ಮಡಚಿಟ್ಟ ಬಟ್ಟೆಯ ಹಾಗೆ.
ಜುಟ್ಟು ನೇರಳೆ ಹಣ್ಣಿನ ಸಿಪ್ಪೆ.
ಬಾಲದಡಿ ಸುಣ್ಣ ಕದಡಿದ ಹಸಿರು ನೀರು.
ಉಳಿದ ಆರು ಅದನ್ನು ದಾಟಿಕೊಂಡೇ
ನುಚ್ಚಿಗೆ ಓಡಿದವು.
ಕೋಳಿಗಳಿಗೆ ದಾಕ್ಷಿಣ್ಯ ಇಲ್ಲ.

ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ
ಸುದ್ದಿಗೆ ಗೋಡೆ ಎಷ್ಟು ಅಡ್ಡ?
ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಬಂದ ಮೈದುನ ಕೆರಿಯಪ್ಪ:
"ಕೊಕ್ಕರೆ ರೋಗ. ಇವತ್ತೇ ಎಲ್ಲಾ ಕೊಯ್ಯಿ ಅತ್ತಿಗೆ,
ಕೊಯ್ದರೆ ಸಾರು, ಸತ್ತರೆ ಗುಂಡಿ."
ಗುತ್ಯಮ್ಮ ಬೆಳ್ಳುಳ್ಳಿ ಕಾಳುಮೆಣಸು ಅರೆದು ತಂದಳು.
ಅವಳ ಪ್ರಕಾರ ಕಣ್ಣು ತಾಗಿದ್ದು,
ಅದೂ ಯಾರದ್ದೆಂದು ಗೊತ್ತಂತೆ, ಹೇಳಲಾರಳಂತೆ.
ಪಶು ಆಸ್ಪತ್ರೆಯಲ್ಲಿ ಡಾಕ್ಟರಿಲ್ಲ;
ಎಲ್ಲೋ ಎಮ್ಮೆ ಕರು ಹಾಕಲಾರದೆ ಒದ್ದಾಡುತ್ತಿದೆಯಂತೆ.
ಎಮ್ಮೆಯ ಮುಂದೆ ಕೋಳಿ ಎಷ್ಟು ತೂಕ!

ತೊಡೆಯ ಮೇಲೆ ಮಲಗಿಸಿಕೊಂಡೆ.
ಕೊರಳ ಕೆಳಗೆ ಕಾಳು ತುಂಬುವ ಚೀಲ
ರಾತ್ರಿಯಿಡೀ ಕರಗದೆ ಹಾಗೇ ಉಬ್ಬಿದೆ,
ಕೊಕ್ಕಿನಲ್ಲಿ ಹುಳಿಹಿಟ್ಟಿನ ವಾಸನೆ.
ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು
ಮೆಲ್ಲಗೆ ನೀವಿದೆ, ಮೇಲಿಂದ ಕೆಳಕ್ಕೆ, ಮತ್ತೆ ಮತ್ತೆ.
ಎಡಗೈಯ ಎರಡು ಬೆರಳು ತಟ್ಟನೆ ನಿಂತವು.
ಹತ್ತೊಂಬತ್ತು ವರ್ಷ ಮಿಷನ್ ತುಳಿದವಳ ಬೆರಳು:
ಕಣ್ಣು ಕಟ್ಟಿ ಕೊಟ್ಟರೂ
ಕ್ರೇಪ್ ಯಾವುದು ರೂಬಿಯಾ ಯಾವುದು ಹೇಳುತ್ತವೆ.
ಇದು ಕಾಳಲ್ಲ ಎಂದವು. ರೋಗವೂ ಅಲ್ಲ.
ದಾರ.

ಮಿಷನ್ ಕೆಳಗೆ ಉದುರಿದ್ದನ್ನು
ಗುಡಿಸಿ ಹಿತ್ತಲಿಗೆ ಎಸೆಯುವವಳು ನಾನೇ.
ಹುಳವೆಂದು ಹೆಕ್ಕುವುದು ಅದರ ಧರ್ಮ.

ಹೊಸ ಬ್ಲೇಡು. ಕುದಿಸಿದ ಸೂಜಿ. ಡೆಟಾಲು.
ಗುತ್ಯಮ್ಮ ರೆಕ್ಕೆ ಹಿಡಿದು ಮುಖ ಆಚೆ ತಿರುಗಿಸಿದಳು.
ಪುಕ್ಕ ಕಿತ್ತ ಜಾಗದಲ್ಲಿ ಒಂದೇ ಅಂಗುಲ,
ಕೊರಳಪಟ್ಟಿ ಬಿಡಿಸುವಷ್ಟು ಹುಷಾರಾಗಿ.
ಮೊದಲು ಹುಳಿತ ನುಚ್ಚು, ಆಮೇಲೆ ಒಂದು ಎಳೆಯ ತುದಿ,
ಎಳೆದರೆ ಬರುತ್ತಲೇ ಇದೆ:
ಅಂಗನವಾಡಿ ಟೀಚರ ನೀಲಿ,
ಕೋಣಂದೂರಿನ ಮದುಮಗಳ ಕುಂಕುಮಗೆಂಪು,
ಮೂರು ತಿಂಗಳಿಂದ ದುಡ್ಡು ಕೊಡದವಳ ಗಿಳಿಹಸಿರು,
ಯಾರದೋ ಫಾಲ್ಸಿನ ಬಿಳಿ.
ನಾನು ಬರೆದಿಡದ ಲೆಕ್ಕವನ್ನೆಲ್ಲ
ಇದು ಹೊಟ್ಟೆಗೆ ಹಾಕಿಕೊಂಡಿತ್ತು.

ಗಂಟಿನ ನಡುವೆ ಮುತ್ತಿನ ಬಟನ್ನು, ಒಂದು.

ಮದುಮಗಳ ಬೆನ್ನಿಗೆ ಆರು ಕೊಟ್ಟಿದ್ದರು, ಐದೇ ಸಿಕ್ಕಿತ್ತು.
ಕಾಜ ಹಾಕಲು ಬರುತ್ತಿದ್ದ ಕುಸುಮಿಗೆ
"ಬ್ಯಾಗು ಕೊಡವು" ಅಂದಿದ್ದೆ, ಎಲ್ಲರೆದುರಿಗೆ.
ಕೊಡವಿದಳು. ಬಾಚಣಿಗೆ, ಬಸ್ ಪಾಸು, ಅರ್ಧ ಚಕ್ಕುಲಿ.
ಮಾರನೇ ದಿನದಿಂದ ಬರಲಿಲ್ಲ.

"ಕೈ ಯಾಕೆ ನಿಂತಿತೇ?" ಗುತ್ಯಮ್ಮ, ಇನ್ನೂ ಆಚೆ ನೋಡುತ್ತ.
ಏನಿಲ್ಲ ಅಂದೆ. ಹೊಲಿದೆ.
ಚೀಲಕ್ಕೆ ಒಂದು ಸಾಲು, ಚರ್ಮಕ್ಕೆ ಇನ್ನೊಂದು;
ಲೈನಿಂಗ್ ಬೇರೆ, ಮೇಲ್ಬಟ್ಟೆ ಬೇರೆ,
ಎರಡನ್ನೂ ಕೂಡಿಸಿ ಹೊಲಿದರೆ ಎಳೆಯುತ್ತದೆ.
ಇದನ್ನು ಕುಸುಮಿಗೆ ಕಲಿಸಿದವಳೂ ನಾನೇ.

ಒಂದು ದಿನ ಬರೀ ಉಪ್ಪು ಸಕ್ಕರೆಯ ನೀರು,
ಎರಡನೇ ದಿನ ರಾಗಿ ಗಂಜಿ, ಚಮಚದಲ್ಲಿ.
ಅಕ್ಕಿಮೂಟೆ ಪಕ್ಕ ಬುಟ್ಟಿ ಕವುಚಿ ಮಲಗಿಸಿದ್ದೆ,
ರಾತ್ರಿ ಎದ್ದೆದ್ದು ಬುಟ್ಟಿಗೆ ಕಿವಿಯಿಟ್ಟೆ.
ಮೂರನೇ ಬೆಳಿಗ್ಗೆ ಎತ್ತಿದರೆ
ನೆಲದ ಮೇಲೆ ಹಿಕ್ಕೆ!
ಗಟ್ಟಿ, ಕಂದು, ತುದಿಗೆ ಚೂರೇ ಚೂರು ಬಿಳಿ.
ಕೆರಿಯಪ್ಪನನ್ನು ಕೂಗಿ ಕರೆದು ತೋರಿಸಿದೆ.
ಅವನು ಹಿಕ್ಕೆ ನೋಡಿದ, ನನ್ನ ಮುಖ ನೋಡಿದ,
"ಸಾರು ತಪ್ಪಿತು" ಅಂತ ಹಲ್ಲುಜ್ಜಲು ಹೋದ.

ಈಗ ಚಿಂದಿಗೊಂದು ಡಬ್ಬಿ ಇಟ್ಟಿದ್ದೇನೆ, ಮುಚ್ಚಳದ್ದು.
ಬಟನ್ನು ತೊಳೆದು ಸೀಮೆಸುಣ್ಣದ ಪೆಟ್ಟಿಗೆಯಲ್ಲಿದೆ.
ಕುಸುಮಿಯ ಊರಿಗೆ ಎರಡೂವರೆಗೊಂದು ಬಸ್ಸು.
ನಿನ್ನೆ ಅರ್ಜೆಂಟು ಬ್ಲೌಸಿತ್ತು.
ಇವತ್ತು ಸ್ಟ್ಯಾಂಡಿನವರೆಗೂ ಹೋಗಿ
ಈರುಳ್ಳಿ ಕೊಂಡು ವಾಪಸು ಬಂದೆ.
ಹಿತ್ತಲಲ್ಲಿ ಬೂದಿ, ಕೊರಳಲ್ಲಿ ನನ್ನ ಹೊಲಿಗೆ,
ಮಣ್ಣು ಕೆದರಿ ಒಂದು ನಿಜವಾದ ಹುಳ ಹಿಡಿದು
ತಲೆ ಓರೆ ಮಾಡಿ ನನ್ನನ್ನೇ ನೋಡಿತು,
ಆಮೇಲೆ ನುಂಗಿತು.