ಮತ್ತೆ ಆಡು

ಗೋಣಿಕೊಪ್ಪಲಿನಲ್ಲಿ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಯಲ್ಲಿ
ಎರಡು ವರ್ಷ ಕೂತು ನಾನೊಂದು ಕಾಡು ಮಾಡಿದೆ.
ಎಲೆ ಎಲೆಯಾಗಿ ಬರೆದದ್ದಲ್ಲ, ಒಂದೇ ಬಿದಿರ ಮೆಳೆಯನ್ನು
ಅತ್ತಿತ್ತ ತಿರುಗಿಸಿ ಸಾವಿರ ಸಲ ನೆಟ್ಟದ್ದು.
ಕಾಡಿನ ಅಂಚಿಗೆ ಹದಿನೇಳು ಗುಡಿಸಲು,
ಗುಡಿಸಲ ಮುಂದೆ ಹಳದಿ ಜೆಸಿಬಿ.
ಅದರ ಸದ್ದು ಮಾತ್ರ ನಿಜದ್ದು:
ಕೆಳಗೆ ಚರಂಡಿ ಅಗೆಯುತ್ತಿದ್ದಾಗ
ಕಿಟಕಿಯಿಂದ ಫೋನು ಚಾಚಿ ಹಿಡಿದದ್ದು.

ಯಾರಾಗಿ ಆಡುತ್ತೀರೆಂದು ಮೊದಲೇ ಆರಿಸಬೇಕು.
ತೋಟದ ಧಣಿ, ಅರಣ್ಯ ಇಲಾಖೆಯ ಗಾರ್ಡು,
ಗುಡಿಸಲಿನ ಹೆಂಗಸು,
ಆನೆ.
ಆನೆಯನ್ನು ಕೊನೆಗೆ ಸೇರಿಸಿದ್ದು,
ಟ್ರೇಲರಿನಲ್ಲಿ ಚೆನ್ನಾಗಿ ಕಾಣುತ್ತದೆಂದು.

ಮುದ್ದಯ್ಯ ಮಾವ ಧಣಿಯನ್ನೇ ಆರಿಸಿದರು.
ಆ ದಾರಿಯಲ್ಲಿ ನಾನು ಒಂದು ಅಡ್ಡಿಯನ್ನೂ ಇಟ್ಟಿರಲಿಲ್ಲ,
ನನ್ನ ಟೀಕೆಯೇ ಅದು.
ಫೋನು ಎತ್ತಿದರೆ ಜೀಪು ಬರುತ್ತದೆ,
ಸಹಿ ಹಾಕಿದರೆ ಬೇಲಿ ತಾನಾಗಿ ಬೆಳೆಯುತ್ತದೆ.
ಹನ್ನೊಂದು ನಿಮಿಷಕ್ಕೆ ಗೆದ್ದರು. ಕನ್ನಡಕ ಒರೆಸುತ್ತಾ
"ತೀರಾ ಸುಲಭವಾಯ್ತು ದೇಚು,
ಸ್ವಲ್ಪ ಕಷ್ಟ ಮಾಡು" ಅಂದರು.

ಕಾಲೇಜಿನ ಪ್ರದರ್ಶನದಲ್ಲಿ ಒಬ್ಬ ಬಂದು
"ಆಟದೊಳಗೆ ರಾಜಕೀಯ ಯಾಕೆ?" ಅಂದ.
ಅವನಿಗೆ ಕೊಡಲು ಉತ್ತರ ಬಾಯಿಪಾಠವಾಗಿತ್ತು.
ಇನ್ನೊಬ್ಬ, "ಕೊಡಗಿನ ಆಟ ಅಂತೀರಿ, ಕೋವಿಯೇ ಇಲ್ವಲ್ಲ?"
ಮೂರನೆಯವನು ಆಡಲೇ ಇಲ್ಲ, ಗಾರ್ಡಿನ ಚಿತ್ರವನ್ನೇ ನೋಡುತ್ತಾ ನಿಂತ.
"ನಮ್ಮಪ್ಪ ಹದಿನಾಲ್ಕು ವರ್ಷ ದಿನಗೂಲಿ ವಾಚರ್.
ಒಂದು ಕಾಲು ಕಾಡಲ್ಲೇ ಬಿಟ್ಟು ಬಂದವರು.
ನಿಮ್ಮ ಗಾರ್ಡಿಗೆ ಮೀಸೆ ಬಿಟ್ಟರೆ ಬೇರೇನಿಲ್ಲ."
ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.
ಇನ್ನೂ ಅಲ್ಲೇ ಇದೆ.

ಮೆಣಸು ಕೊಯ್ದು ಮುಗಿದ ಭಾನುವಾರ ಚೋಮಿ ಬಂದಳು,
ಮಾವನ ಲೈನ್‌ಮನೆಯಿಂದ.
ಅದಕ್ಕೂ ಮೊದಲು ಅವಳದೊಂದು ಗುಡಿಸಲಿತ್ತು.
ಚಪ್ಪಲಿಯನ್ನು ಕೆಳಗಿನ ಮೆಟ್ಟಿಲಲ್ಲೇ ಬಿಟ್ಟು ಹತ್ತಿದ್ದಳು.
ಬೇಡ ಅಂದರೂ ಚಾಪೆಯ ಅಂಚಿಗೇ ಕೂತಳು.
ಹೆಂಗಸನ್ನು ಆರಿಸಿಕೊಟ್ಟೆ.
"ಒಲೆ ಬಾಗಿಲಿಗೆ ಎದುರಿಟ್ಟಿದ್ದೀಯ,
ಗಾಳಿಗೆ ಬೆಂಕಿ ನಿಲ್ಲಲ್ಲ."
ಹಕ್ಕುಪತ್ರದ ಕೌಂಟರಿನಲ್ಲಿ ಗುಮಾಸ್ತ ನಾಳೆ ಬಾ ಅಂದ.
ತೊಂಬತ್ತು ಸೆಕೆಂಡಿಗೆ ಬೆಳಗಾಯಿತು.
ಚೋಮಿ ನಕ್ಕಳು, ಬಾಯಿಗೆ ಸೆರಗು ಅಡ್ಡ ಹಿಡಿದು:
"ಇಷ್ಟು ಬೇಗ ಬರುತ್ತಾ ನಾಳೆ?"

ಆಮೇಲೆ ಆ ಸದ್ದು.
ಕಂಟ್ರೋಲರನ್ನು ಮೆಲ್ಲಗೆ ಚಾಪೆಯ ಮೇಲಿಟ್ಟಳು,
ತುಂಬಿದ ಪಾತ್ರೆ ಇಡುವ ಹಾಗೆ.
ಪರದೆ ಕಪ್ಪಾಯಿತು. ಬಿಳಿ ಅಕ್ಷರ ಮೂಡಿತು:
ಮನೆ ಹೋಯಿತು. ಮತ್ತೆ ಆಡು.
ನಾನೇ ಒತ್ತಿದೆ, ಹೇಗೆಂದು ತೋರಿಸಲಿಕ್ಕೆ.
ಹದಿನೇಳು ಗುಡಿಸಲೂ ಎದ್ದು ನಿಂತವು,
ಹೊಗೆ ಸಮೇತ, ಒಲೆಯೂ ಅದೇ ತಪ್ಪು ಜಾಗದಲ್ಲಿ.

ಅವಳು ಪರದೆ ನೋಡಲಿಲ್ಲ. ನನ್ನನ್ನು ನೋಡಿದಳು.
"ಇದು ಎಲ್ಲಿರುತ್ತೆ, ಕುಂಞಿ?"
ನಾನು ಪೆದ್ದಿಯ ಹಾಗೆ ಅಂದೆ,
"ಕೆಳಗೆ. ಬಲಗಡೆ."

ಆ ಗುಂಡಿಯನ್ನು ಆಮೇಲೆ ಮೂರು ಸಲ ಅಳಿಸಿದ್ದೇನೆ,
ನಾಲ್ಕು ಸಲ ಹಾಕಿದ್ದೇನೆ.

ಹೊರಡುವ ಮೊದಲು ಆನೆ ಬೇಕೆಂದಳು.
ಆನೆಗೆ ಮಾಡಲು ಕೆಲಸ ಬೇಕಷ್ಟಿತ್ತು:
ಬೇಲಿ ಮುರಿಯಬಹುದು, ಹಲಸು ಬೀಳಿಸಬಹುದು, ಜೀಪು ಅಟ್ಟಬಹುದು.
ಅವಳು ಅದನ್ನು ತೊರೆಯವರೆಗೆ ನಡೆಸಿ,
ನೀರಿಗಿಳಿಸಿ, ಕೈ ತೆಗೆದಳು.
ಐದು ನಿಮಿಷ. ಹತ್ತು. ಕಿವಿ ಮಾತ್ರ ಆಡುತ್ತಿತ್ತು.
ಕರೆಂಟು ಹೋಯಿತು, ಯುಪಿಎಸ್ ಕೂಗತೊಡಗಿತು,
ಮೂಲೆಯಲ್ಲಿ ಅಂಕ ಸೊನ್ನೆಯಲ್ಲೇ ಇತ್ತು.
"ಹೀಗೆ ನಿಂತರೆ ಏನೂ ಆಗಲ್ಲ, ಚೋಮಕ್ಕ" ಅಂದೆ.
"ಸುಮ್ಮನಿರು," ಅಂದಳು,
"ನೀರು ಕುಡೀತಿದೆ."

ನಾನು ಅದಕ್ಕೆ
ನೀರು ಕುಡಿಯಲು ಕಲಿಸಿರಲಿಲ್ಲ.